ಮಂಗನ ಕಾಯಿಲೆಯ ಪ್ರಾದೇಶಿಕ ವಿಸ್ತರಣೆ ಮತ್ತು ಗ್ರಾಮ ಪಂಚಾಯಿತಿಯ ಕರ್ತವ್ಯ

1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದರಂತೆ ಸಾಯತೊಡಗಿದವು. ಅದೇ ಸಮಯದಲ್ಲಿ ಕಾಡಂಚಿನ ಹಳ್ಳಿಗಳ ಜನರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಮಂಗಗಳ ಸಾವು ಮತ್ತು ಮನುಷ್ಯರ ಜ್ವರ ಒಟ್ಟಿಗೆ ಕಂಡುಬಂದುದರಿಂದ, ಭಾರತದಲ್ಲಿ ಅದುವರೆಗೆ ಇಲ್ಲದಿದ್ದ ಹಳದಿ ಜ್ವರವು ಪ್ರವೇಶಿಸಿತೇ ಎಂಬ ಆತಂಕ ಮೊದಲು ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಅವರ ನೇತೃತ್ವದ ತಂಡವು ಬಂದು ಪರೀಕ್ಷಿಸಿದಾಗ, ಇದು ಹಳದಿ ಜ್ವರವಲ್ಲವೆಂದೂ, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಸಂಬಂಧವುಳ್ಳ ಹೊಸ ವೈರಾಣುವೆಂದೂ ತಿಳಿದುಬಂದಿತು. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ರೋಗಕ್ಕೆ ಊರಿನ ಹೆಸರನ್ನೇ ಇಟ್ಟು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯಲಾಯಿತು. ಜನರು ಅದನ್ನು ಮಂಗನ ಕಾಯಿಲೆ ಎಂದರು. ಈಗ ಆ ಹೆಸರೇ ಎಲ್ಲೆಡೆ ಬಳಕೆಯಲ್ಲಿದೆ.

ಈ ಹೆಸರಿನಿಂದ ಒಂದು ತೊಡಕು ಹುಟ್ಟಿದೆ. ರೋಗವನ್ನು ಮಂಗವು ಮನುಷ್ಯನಿಗೆ ಹರಡುತ್ತದೆ ಎಂಬ ಭಾವನೆ ಇಂದಿಗೂ ಅನೇಕ ಗ್ರಾಮಗಳಲ್ಲಿ ಬೇರೂರಿದೆ. ವಾಸ್ತವದಲ್ಲಿ ಮಂಗವೂ ಮನುಷ್ಯನಂತೆಯೇ ರೋಗಕ್ಕೆ ಬಲಿಯಾಗುವ ಜೀವಿ. ರೋಗವನ್ನು ಹರಡುವುದು ಉಣುಗು. ಕೆಲವೆಡೆ ಇದನ್ನು ಉಣ್ಣೆ ಎಂದೂ ಹೇಳುತ್ತಾರೆ. ಮಂಗಗಳನ್ನು ಓಡಿಸುವುದರಿಂದಾಗಲಿ, ಹಿಡಿದು ಬೇರೆ ಕಾಡಿಗೆ ಬಿಡುವುದರಿಂದಾಗಲಿ ಊರಿಗೆ ರಕ್ಷಣೆ ದೊರೆಯದು. ಸೋಂಕು ತಗುಲಿದ ಮಂಗಗಳ ಗುಂಪನ್ನು ಇನ್ನೊಂದು ಕಾಡಿಗೆ ಅಟ್ಟಿದರೆ ಅಲ್ಲಿನ ಉಣುಗುಗಳಿಗೂ ವೈರಾಣು ದಾಟುವ ಸಂಭವವಿರುತ್ತದೆ.

ಒಂದು ತಾಲ್ಲೂಕಿನಿಂದ ಐದು ರಾಜ್ಯಗಳಿಗೆ

ಮೊದಲ ಹದಿನೈದು ವರ್ಷಗಳ ಕಾಲ ರೋಗವು ಸೊರಬ, ಸಾಗರ ಮತ್ತು ಸುತ್ತಲಿನ ಪ್ರದೇಶಕ್ಕೆ ಸೀಮಿತವಾಗಿತ್ತು. 1970ರ ದಶಕದಿಂದ ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಭಾರೀ ಪ್ರಮಾಣದಲ್ಲಿ ಸ್ಫೋಟಗೊಂಡು ಸಾವಿರಕ್ಕೂ ಹೆಚ್ಚು ಜನರನ್ನು ಬಾಧಿಸಿತು. ಅಲ್ಲಿ ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಕಡಿಯಲಾಗಿತ್ತು. ಕಾಡು ಕಡಿದ ಕೆಲಸಗಾರರು ಮತ್ತು ಸಮೀಪದ ಹಳ್ಳಿಗರು ಮೊದಲು ರೋಗಕ್ಕೆ ಸಿಲುಕಿದರು. ಕಾಡಿನ ರೋಗವು ಕಾಡು ನಾಶವಾದಲ್ಲಿ ಹೆಚ್ಚಿತೆಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಮರ ಕಡಿದ ಜಾಗದಲ್ಲಿ ಪೊದೆ ಬೆಳೆಯುತ್ತದೆ, ಪೊದೆಗೆ ದನ ಮೇಯಲು ಬರುತ್ತದೆ, ದನದೊಡನೆ ಮನುಷ್ಯನೂ ಬರುತ್ತಾನೆ. ಉಣುಗು ವೃದ್ಧಿಯಾಗಲು ಮತ್ತು ಮನುಷ್ಯನನ್ನು ತಲುಪಲು ಇದಕ್ಕಿಂತ ಅನುಕೂಲಕರ ಸನ್ನಿವೇಶ ಬೇರೊಂದಿಲ್ಲ.

2012ರ ಕೊನೆಯಲ್ಲಿ ರೋಗವು ಮಲೆನಾಡಿನಿಂದ ಬಹುದೂರದ ಚಾಮರಾಜನಗರ ಜಿಲ್ಲೆಯ ಬಂಡೀಪುರ ಅರಣ್ಯದಲ್ಲಿ ಪತ್ತೆಯಾಯಿತು. ಮುಂದಿನ ವರ್ಷ ಕೇರಳದ ವಯನಾಡಿನಲ್ಲಿ, 2014ರಲ್ಲಿ ಮಲಪ್ಪುರಂ ಜಿಲ್ಲೆಯ ಬುಡಕಟ್ಟು ಜನರಲ್ಲಿ, 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಕಂಡುಬಂದಿತು. ತಮಿಳುನಾಡಿನ ನೀಲಗಿರಿ ಭಾಗದಲ್ಲಿಯೂ ಸೋಂಕು ದೃಢಪಟ್ಟಿದೆ. ಹೀಗೆ ಒಂದು ತಾಲ್ಲೂಕಿನ ರೋಗವು ಪಶ್ಚಿಮ ಘಟ್ಟದ ಉದ್ದಕ್ಕೂ ಐದು ರಾಜ್ಯಗಳ ರೋಗವಾಗಿದೆ. ಹಳೆಯ ನೆಲೆಗಳಲ್ಲಿಯೂ ಅದು ತಣ್ಣಗಾಗಿಲ್ಲ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವು ಸಾವುಗಳು ಸಂಭವಿಸಿದವು. 2024ರಲ್ಲಿ ಸಿದ್ದಾಪುರ, ಹೊಸನಗರ ಮುಂತಾದೆಡೆ ರೋಗವು ಮತ್ತೆ ತೀವ್ರವಾಯಿತು.

ಇದು ನಿಜವಾದ ಹರಡುವಿಕೆಯೇ, ಅಥವಾ ಮೊದಲೇ ಇದ್ದುದು ಪರೀಕ್ಷಾ ಸೌಲಭ್ಯ ಹೆಚ್ಚಿದ್ದರಿಂದ ಬೆಳಕಿಗೆ ಬಂದುದೇ ಎಂಬ ಪ್ರಶ್ನೆ ತಜ್ಞರಲ್ಲಿ ಇದೆ. ಎರಡರಲ್ಲಿಯೂ ಸತ್ಯಾಂಶವಿದೆ. ಮಂಗಗಳ ಗುಂಪು ಸಾಮಾನ್ಯವಾಗಿ ತನ್ನ ನೆಲೆಯನ್ನು ಬಿಟ್ಟು ಬಹುದೂರ ಹೋಗುವುದಿಲ್ಲ. ಆದರೆ ಉಣುಗುಗಳು ಹಕ್ಕಿಗಳ ಮೈಮೇಲೂ ದನಕರುಗಳ ಮೈಮೇಲೂ ಕುಳಿತು ಸಾಗಬಲ್ಲವು. ಹಾಗೆಯೇ, ಜ್ವರ ಬಂದು ಸತ್ತವರ ರಕ್ತವನ್ನು ಯಾರೂ ಪರೀಕ್ಷಿಸದ ಕಾಲವೂ ಇತ್ತು. ಗ್ರಾಮ ಪಂಚಾಯಿತಿಯ ಮಟ್ಟಿಗೆ ಈ ಚರ್ಚೆಯ ಫಲಿತಾಂಶ ಒಂದೇ: ‘ನಮ್ಮ ಭಾಗದಲ್ಲಿ ಈ ರೋಗ ಇಲ್ಲ’ ಎಂಬ ಮಾತನ್ನು ಘಟ್ಟದ ಅಂಚಿನ ಯಾವ ಪಂಚಾಯಿತಿಯೂ ಖಚಿತವಾಗಿ ಹೇಳುವಂತಿಲ್ಲ.

ಉಣುಗಿನ ಜೀವನಚಕ್ರ

ತಡೆಗಟ್ಟುವ ಕ್ರಮಗಳೆಲ್ಲವೂ ಉಣುಗಿನ ಬದುಕಿನ ರೀತಿಯನ್ನು ಅವಲಂಬಿಸಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯಕ. ಈ ರೋಗದ ಮುಖ್ಯ ವಾಹಕದ ವೈಜ್ಞಾನಿಕ ಹೆಸರು ಹೀಮಾಫೈಸಾಲಿಸ್ ಸ್ಪೈನಿಜೆರಾ. ಇದು ಮೊಟ್ಟೆಯಿಂದ ಹೊರಬಂದ ಮೇಲೆ ಮೂರು ಹಂತಗಳನ್ನು ದಾಟುತ್ತದೆ: ಆರು ಕಾಲಿನ ಸಣ್ಣ ಮರಿ, ಎಂಟು ಕಾಲಿನ ಎಳೆಯ ಉಣುಗು, ಬಳಿಕ ಬೆಳೆದ ಉಣುಗು. ಪ್ರತಿ ಹಂತದಲ್ಲಿಯೂ ಒಮ್ಮೆ ಯಾವುದಾದರೂ ಪ್ರಾಣಿಯ ರಕ್ತವನ್ನು ಹೀರಿ, ನೆಲಕ್ಕೆ ಬಿದ್ದು, ತರಗೆಲೆಗಳ ನಡುವೆ ಪೊರೆ ಬಿಟ್ಟು ಮುಂದಿನ ಹಂತಕ್ಕೆ ಹೋಗುತ್ತದೆ.

ಬೆಳೆದ ಉಣುಗುಗಳು ಮಳೆಗಾಲದಲ್ಲಿ ಚುರುಕಾಗಿದ್ದು ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿಗಳ ಮೈಗೆ ಹತ್ತುತ್ತವೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳನ್ನು ಆಶ್ರಯಿಸುತ್ತವೆ. ಈ ಪ್ರಾಣಿಗಳಲ್ಲಿ ಯಾವುದಕ್ಕಾದರೂ ಸೋಂಕಿದ್ದರೆ ಮರಿಯ ಹೊಟ್ಟೆಗೆ ವೈರಾಣು ಸೇರುತ್ತದೆ ಮತ್ತು ಅದು ಎಳೆಯ ಉಣುಗಾಗಿ ಬೆಳೆದಾಗಲೂ ಅದರೊಳಗೇ ಉಳಿಯುತ್ತದೆ. ಎಳ್ಳುಕಾಳಿನಷ್ಟೇ ಗಾತ್ರದ ಈ ಎಳೆಯ ಉಣುಗೇ ಮನುಷ್ಯನಿಗೆ ಮುಖ್ಯವಾಗಿ ಕಚ್ಚುವುದು. ನವೆಂಬರ್-ಡಿಸೆಂಬರ್ ತಿಂಗಳಿನಿಂದ ಮೇ ವರೆಗೆ ಇದರ ಹಾವಳಿ. ಜನವರಿಯಿಂದ ಏಪ್ರಿಲ್‌ವರೆಗೆ ರೋಗಿಗಳ ಸಂಖ್ಯೆ ಏರುವುದಕ್ಕೂ ಮಳೆ ಹಿಡಿದೊಡನೆ ಇಳಿಯುವುದಕ್ಕೂ ಕಾರಣ ಇದೇ ಆಗಿದೆ.

ದನಕರುಗಳ ಸ್ಥಾನವನ್ನು ಸರಿಯಾಗಿ ಗ್ರಹಿಸಬೇಕು. ದನಗಳು ಈ ರೋಗದಿಂದ ಸಾಯುವುದಿಲ್ಲ. ಅವುಗಳಿಂದ ವೈರಾಣು ಹರಡುವುದೂ ಗಣನೀಯವಲ್ಲ. ಆದರೆ ಉಣುಗುಗಳ ಸಂತತಿ ಬೆಳೆಯುವುದು ಅವುಗಳ ರಕ್ತದಿಂದ. ಕಾಡಿನಿಂದ ಕೊಟ್ಟಿಗೆಗೆ ಉಣುಗು ಬರುವುದೂ ಅವುಗಳ ಮೈಮೇಲೆಯೇ. ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡುವುದಿಲ್ಲ. ರೋಗಿಯ ಮನೆಗೆ ಹೋಗಬಾರದು, ಅವರ ಮಕ್ಕಳನ್ನು ಶಾಲೆಗೆ ಸೇರಿಸಬಾರದು ಎಂಬಂತಹ ಮಾತುಗಳು ಕೇಳಿಬಂದಲ್ಲಿ ಸದಸ್ಯರು ಕೂಡಲೇ ತಿದ್ದಬೇಕು. ಇಂತಹ ಬಹಿಷ್ಕಾರದ ಭಯದಿಂದಲೇ ಜ್ವರವನ್ನು ಮುಚ್ಚಿಡುವವರಿದ್ದಾರೆ.

ಸತ್ತ ಮಂಗ ಕಂಡಾಗ

ಮುಸುವ ಮತ್ತು ಸಾಮಾನ್ಯ ಮಂಗ ಎರಡಕ್ಕೂ ಈ ರೋಗ ತಗುಲುತ್ತದೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿಯುತ್ತವೆ. ಆದ್ದರಿಂದ ಮಂಗ ಸತ್ತ ಜಾಗವು ಸೋಂಕಿತ ಉಣುಗುಗಳು ಒತ್ತಾಗಿರುವ ಅಪಾಯದ ತಾಣವಾಗುತ್ತದೆ. ಶವವನ್ನು ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ಉಣುಗುಗಳನ್ನು ಬಿತ್ತಿದಂತಾಗುತ್ತದೆ. ಬಂಡೀಪುರದಲ್ಲಿ 2012ರಲ್ಲಿ ರೋಗಕ್ಕೆ ತುತ್ತಾದವರು ಸತ್ತ ಮಂಗಗಳನ್ನು ಮುಟ್ಟಿ ಸುಡುವ ಕೆಲಸ ಮಾಡಿದ ಅರಣ್ಯ ಕಾರ್ಮಿಕರು. ಅವರು ತಮ್ಮ ಕರ್ತವ್ಯವನ್ನು ಮಾಡಿದ್ದರು. ರಕ್ಷಣಾ ಉಡುಪು ಇಲ್ಲದೆ ಈ ಕೆಲಸವನ್ನು ಮಾಡಬಾರದೆಂಬುದು ಆ ಘಟನೆಯಿಂದ ಸ್ಪಷ್ಟವಾಗಿದೆ.

ಮಲೆನಾಡಿನ ಅನೇಕ ಊರುಗಳಲ್ಲಿ ಸತ್ತ ಮಂಗಕ್ಕೆ ಹನುಮಂತನ ಸ್ವರೂಪವೆಂಬ ಭಕ್ತಿಯಿಂದ ಹೂವು ಹಾಕಿ, ಹೊತ್ತೊಯ್ದು ಸಂಸ್ಕಾರ ಮಾಡುವ ರೂಢಿಯಿದೆ. ಈ ಭಾವನೆಯನ್ನು ಹೀಗಳೆಯುವುದರಿಂದ ಪ್ರಯೋಜನವಿಲ್ಲ. ಡಿಸೆಂಬರ್‌ನಿಂದ ಮೇ ವರೆಗೆ ಶವವನ್ನು ಮುಟ್ಟದೆ ದೂರದಿಂದಲೇ ಕೈಮುಗಿದು, ಸಂಸ್ಕಾರವನ್ನು ಇಲಾಖೆಯವರಿಗೆ ಬಿಡುವಂತೆ ಊರಿನ ಹಿರಿಯರ ಮೂಲಕವೇ ಹೇಳಿಸುವುದು ಹೆಚ್ಚು ಫಲಕಾರಿ.

ಸತ್ತ ಅಥವಾ ಮಂಕಾಗಿ ನೆಲದ ಮೇಲೆ ಕುಳಿತ ಮಂಗ ಕಂಡರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ವೈದ್ಯಾಧಿಕಾರಿ ಮತ್ತು ಅರಣ್ಯ ಇಲಾಖೆಗೆ ತಿಳಿಸಬೇಕು. ಪಶು ವೈದ್ಯರು ರಕ್ಷಣಾ ಉಡುಪಿನಲ್ಲಿ ಪರೀಕ್ಷೆ ನಡೆಸಿ, ಅಂಗಾಂಶದ ಮಾದರಿ ತೆಗೆದ ಬಳಿಕ ಶವವನ್ನು ಅಲ್ಲಿಯೇ ಸುಡಲಾಗುತ್ತದೆ. ಸುತ್ತಲಿನ ಸುಮಾರು 50 ಅಡಿ ವ್ಯಾಪ್ತಿಯಲ್ಲಿ ಕೀಟನಾಶಕ ಪುಡಿಯನ್ನು ಹಾಕಲಾಗುತ್ತದೆ. ಎರಡು ಮೂರು ದಿನ ಕಳೆದು ಕೊಳೆತ ಶವದಿಂದ ಮಾದರಿ ದೊರೆಯುವುದು ಕಷ್ಟ. ಆ ಹೊತ್ತಿಗೆ ಉಣುಗುಗಳೂ ಚದುರಿರುತ್ತವೆ. ಇನ್ನೊಂದು ಮಾತು: ಮಂಗ ಸತ್ತಿಲ್ಲವಾದ್ದರಿಂದ ರೋಗವಿಲ್ಲ ಎಂದು ತಿಳಿಯುವುದು ತಪ್ಪು. ದಟ್ಟ ಕಾಡಿನೊಳಗೆ ಸತ್ತ ಮಂಗ ಯಾರ ಕಣ್ಣಿಗೂ ಬೀಳದೆ ಇರಬಹುದು. ಮೊದಲ ಸೂಚನೆ ಮನುಷ್ಯನ ಜ್ವರವೇ ಆಗಿರುವ ಸಂದರ್ಭಗಳೂ ಇವೆ.

ತರಗೆಲೆ, ಸೊಪ್ಪು ಮತ್ತು ದುಡಿಮೆ

ಕಾಡಿಗೆ ಹೋಗಬೇಡಿರೆಂದು ಹೇಳುವ ಫಲಕಗಳನ್ನು ಪ್ರತಿ ವರ್ಷ ಹಾಕಲಾಗುತ್ತದೆ. ಹೇಳುವುದು ಸುಲಭ. ಆದರೆ ಅಡಿಕೆ ತೋಟಕ್ಕೆ ಮತ್ತು ಕೊಟ್ಟಿಗೆಗೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ತರುವುದು, ಒಲೆಗೆ ಕಟ್ಟಿಗೆ ಕೂಡಿಸುವುದು, ದನ ಮೇಯಿಸುವುದು, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು ಎಲ್ಲವೂ ಮಳೆ ನಿಂತ ಮೇಲಿನ ಒಣ ತಿಂಗಳುಗಳ ಕೆಲಸ. ಉಣುಗು ಕಚ್ಚುವ ತಿಂಗಳುಗಳೂ ಅವೇ. ಈ ಕೆಲಸಗಳನ್ನು ಮಾಡುವವರಲ್ಲಿ ಹೆಚ್ಚಿನವರು ಕೂಲಿಯವರು, ಸಣ್ಣ ಹಿಡುವಳಿದಾರರು ಮತ್ತು ಮಹಿಳೆಯರು. ಕೆಲಸ ಬಿಟ್ಟರೆ ಅವರ ಒಲೆ ಉರಿಯದು. ಆದ್ದರಿಂದ ನಿಷೇಧಕ್ಕಿಂತ, ಕೆಲಸದ ಕಾಲ ಮತ್ತು ರೀತಿಯಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆಗಳ ಕಡೆಗೆ ಪಂಚಾಯಿತಿಯು ಗಮನಹರಿಸುವುದು ಯುಕ್ತ.

ತರಗೆಲೆಯ ರಾಶಿಯನ್ನು ಮನೆಯ ಅಂಗಳದಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಹಾಕದೆ ದೂರವಿಡುವುದು ಮೊದಲ ಹೆಜ್ಜೆ. ಕಾಡಿಗೆ ಹೋಗದ ವೃದ್ಧರಿಗೂ ಮಕ್ಕಳಿಗೂ ರೋಗ ಬಂದಾಗ ಉಣುಗು ಮನೆಗೆ ಬಂದ ದಾರಿಯನ್ನು ಹುಡುಕಬೇಕಾಗುತ್ತದೆ; ಆ ದಾರಿ ಹಲವು ಬಾರಿ ತರಗೆಲೆಯ ಹೊರೆ ಅಥವಾ ದನದ ಮೈ ಆಗಿರುತ್ತದೆ. ಸಂಗ್ರಹಿಸುವ ಕೆಲಸವನ್ನು ಸಾಧ್ಯವಾದಷ್ಟು ಋತುವಿನ ಆರಂಭದಲ್ಲಿಯೇ ಮುಗಿಸಿಕೊಳ್ಳುವುದು, ಮಂಗ ಸತ್ತ ಬೆಟ್ಟವನ್ನು ಆ ವರ್ಷ ಬಿಡುವುದು, ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕಾಡಂಚಿನ ಇಂಗುಗುಂಡಿ, ಕಾಲುದಾರಿ, ಪೊದೆ ಸವರುವ ಕಾಮಗಾರಿಗಳನ್ನು ಜನವರಿಯಿಂದ ಮೇ ವರೆಗೆ ಇಟ್ಟುಕೊಳ್ಳದೆ ಬೇರೆ ಸ್ಥಳದ ಕಾಮಗಾರಿಗಳನ್ನು ಆ ಅವಧಿಗೆ ಹೊಂದಿಸುವುದು, ಇವೆಲ್ಲವೂ ಪಂಚಾಯಿತಿಯ ಅಧಿಕಾರವ್ಯಾಪ್ತಿಯೊಳಗಿನ ವಿಷಯಗಳು. ಕ್ರಿಯಾಯೋಜನೆ ಸಿದ್ಧಪಡಿಸುವಾಗಲೇ ಈ ಅಂಶವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಗಮನಕ್ಕೆ ತರದಿದ್ದಲ್ಲಿ ನಂತರ ಬದಲಾಯಿಸುವುದು ಕಷ್ಟವಾಗುತ್ತದೆ.

ಕಾಡಿಗೆ ಹೋಗಲೇಬೇಕಾದವರು ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ಧರಿಸಿ, ಬಟ್ಟೆಯ ಹೊರಗೆ ಉಳಿಯುವ ಕೈಕಾಲುಗಳಿಗೆ ಡೀಪಾ ತೈಲವನ್ನು ಲೇಪಿಸಿಕೊಳ್ಳಬೇಕು. ರಕ್ಷಣಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಈ ತೈಲವನ್ನು ಆರೋಗ್ಯ ಇಲಾಖೆಯು ವಿತರಿಸುತ್ತದೆ. ಬಾಟಲಿ ಮನೆಯ ಗೂಡಿನಲ್ಲಿ ಉಳಿದುಬಿಡುವುದೇ ಸಾಮಾನ್ಯವಾಗಿ ಕಂಡುಬರುವ ಸಮಸ್ಯೆ. ವಾಸನೆ, ಜಿಡ್ಡು, ಬೆವರಿನೊಡನೆ ಉರಿ ಎಂಬ ಕಾರಣಗಳನ್ನು ಜನರು ಹೇಳುತ್ತಾರೆ. ಆಶಾ ಕಾರ್ಯಕರ್ತೆಯರು ವಿತರಣೆಯ ಲೆಕ್ಕದ ಜೊತೆಗೆ ಬಳಕೆಯನ್ನೂ ವಿಚಾರಿಸುವಂತೆ ವ್ಯವಸ್ಥೆ ಮಾಡಬೇಕು. ಕಾಡಿನಿಂದ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗ, ಸೊಂಟದ ಸುತ್ತ ಉಣುಗಿದೆಯೇ ಎಂದು ನೋಡಿಕೊಳ್ಳಬೇಕು. ಕಚ್ಚಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಸಮೀಪವಾಗಿ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಾಕುವುದು, ಉಗುರಿನಿಂದ ಹಿಸುಕುವುದು ಸರಿಯಲ್ಲ. ಕಾಡಿಗೆ ಮೇಯಲು ಹೋಗುವ ದನಗಳಿಗೆ ಉಣುಗುನಾಶಕ ಔಷಧವನ್ನು ಪಶು ಆಸ್ಪತ್ರೆಯ ಮೂಲಕ ಕೊಡಿಸಬೇಕು.

ಜ್ವರದ ಲಕ್ಷಣ ಮತ್ತು ರಕ್ತದ ಮಾದರಿ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತನೆ ಚಳಿ, ತೀವ್ರ ಜ್ವರ, ಹಣೆಯ ಭಾಗದಲ್ಲಿ ತಲೆನೋವು ಆರಂಭವಾಗುತ್ತವೆ. ಸೊಂಟ, ಮೀನಖಂಡಗಳಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ತೀವ್ರ ನಿತ್ರಾಣ ಇರುತ್ತವೆ. ಕೆಲವರಲ್ಲಿ ಮೂಗು, ವಸಡು, ಕರುಳಿನಿಂದ ರಕ್ತಸ್ರಾವವಾಗುತ್ತದೆ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಶೇ. 10ರಿಂದ 20ರಷ್ಟು ರೋಗಿಗಳಲ್ಲಿ, ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಜ್ವರ ಬಂದು, ಕತ್ತು ಸೆಡೆತ, ನಡುಕ, ಮಂಪರು, ಅಸ್ಪಷ್ಟ ಮಾತು ಮುಂತಾದ ಮಿದುಳಿನ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಗುಣವಾಯಿತೆಂದು ಕೆಲಸಕ್ಕೆ ಹೋದ ಮನುಷ್ಯ ಮತ್ತೆ ಹಾಸಿಗೆ ಹಿಡಿಯುವುದು ಈ ಹಂತದಲ್ಲಿಯೇ. ರೋಗ ತಗುಲಿದವರಲ್ಲಿ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಮಂದಿ ಸಾವಿಗೀಡಾಗುತ್ತಾರೆ.

ಡೆಂಗಿ, ಇಲಿ ಜ್ವರ, ಮಲೇರಿಯಾ ಮೊದಲಾದವುಗಳ ಆರಂಭವೂ ಹೀಗೆಯೇ ಇರುವುದರಿಂದ ಲಕ್ಷಣದಿಂದಷ್ಟೇ ರೋಗವನ್ನು ನಿರ್ಧರಿಸಲಾಗದು. ಮೊದಲ ವಾರದೊಳಗೆ ತೆಗೆದ ರಕ್ತದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ವೈರಾಣುವನ್ನು ಪತ್ತೆ ಮಾಡಬಹುದು. ಬಳಿಕ ಎಲೈಸಾ ಪರೀಕ್ಷೆಯಿಂದ ಪ್ರತಿಕಾಯಗಳನ್ನು ನೋಡಲಾಗುತ್ತದೆ. ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ದೇಹದ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವವನ್ನು ಗಮನಿಸಿ ಸಕಾಲದಲ್ಲಿ ನಿಭಾಯಿಸುವುದೇ ಚಿಕಿತ್ಸೆ. ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದು ನುಂಗುವುದು ಅಪಾಯಕರ. ಆಸ್ಪಿರಿನ್, ಐಬುಪ್ರೊಫೆನ್ ತರಹದ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು. ಋತುವಿನ ತಿಂಗಳುಗಳಲ್ಲಿ ಕಾಡಿನ ಸಂಪರ್ಕವಿರುವ ವ್ಯಕ್ತಿಗೆ ಜ್ವರ ಬಂದಲ್ಲಿ ಎರಡನೆಯ ದಿನದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಮಾದರಿ ಕೊಡಿಸುವುದನ್ನು ರೂಢಿ ಮಾಡಬೇಕು. ಬಸ್ಸಿಲ್ಲದ ಮಜರೆಗಳಿಂದ ರೋಗಿಯನ್ನು ಸಾಗಿಸುವ ವಾಹನ ಯಾವುದು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಡಿಸೆಂಬರಿಗೆ ಮೊದಲೇ ಗೊತ್ತುಪಡಿಸಿಟ್ಟುಕೊಳ್ಳುವುದು ಸದಸ್ಯರ ಕೈಯಲ್ಲಿರುವ ಕೆಲಸ.

ಕಾಡೇ ಇಲ್ಲದ ಬಯಲುಸೀಮೆಯ ಪಂಚಾಯಿತಿಗಳಿಗೂ ಈ ವಿಷಯ ಸಂಬಂಧಿಸಿದೆ. 2016ರಲ್ಲಿ ಗೋವೆಯ ಗೇರು ತೋಟಗಳಲ್ಲಿ ದುಡಿಯಲು ಹೋಗಿದ್ದ ಬೆಳಗಾವಿ ಜಿಲ್ಲೆಯ ಕಾರ್ಮಿಕರಲ್ಲಿ ಈ ರೋಗ ದೃಢಪಟ್ಟಿತು. ಇಂತಹ ಕಾರ್ಮಿಕ ತನ್ನೂರಿಗೆ ಮರಳಿ ಜ್ವರದಿಂದ ಮಲಗಿದಾಗ, ಅಲ್ಲಿನ ವೈದ್ಯರಿಗೆ ಮಂಗನ ಕಾಯಿಲೆಯ ನೆನಪು ಬರುವುದಿಲ್ಲ. ಎಲ್ಲಿ ದುಡಿದು ಬಂದಿರಿ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಮಾತ್ರ ದಾರಿ ತಿಳಿಯುತ್ತದೆ. ಕಾಫಿ, ಅಡಿಕೆ, ಗೇರು ಕೊಯ್ಲಿಗೆ ಗುಳೆ ಹೋಗುವವರ ಪಟ್ಟಿಯನ್ನು ಪಂಚಾಯಿತಿ ಇಟ್ಟುಕೊಂಡಿದ್ದರೆ, ಅವರು ಮರಳಿದ ಮೊದಲ ಎರಡು ವಾರ ಜ್ವರದ ವಿಚಾರಣೆ ಮಾಡುವುದು ಆಶಾ ಕಾರ್ಯಕರ್ತೆಯರಿಗೆ ಸುಲಭವಾಗುತ್ತದೆ.

ಲಸಿಕೆಯ ಬಗ್ಗೆ

ಗ್ರಾಮ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಲಸಿಕೆಯದು. ಕರ್ನಾಟಕದಲ್ಲಿ 1990ರಿಂದ ಒಂದು ಲಸಿಕೆ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಲ್ಲಿ ವರ್ಧಕ ಡೋಸ್, ಆ ಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು ಎಂಬುದು ಅದರ ಕ್ರಮ. ಚುಚ್ಚಿದ ಜಾಗದ ನೋವಿನಿಂದಲೂ, ಪದೇಪದೇ ಬರಬೇಕಾದ ತೊಂದರೆಯಿಂದಲೂ ಅನೇಕರು ಎಲ್ಲ ಡೋಸ್‌ಗಳನ್ನು ಪಡೆಯಲಿಲ್ಲ. 2005ರಿಂದ 2010ರ ಅವಧಿಯ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸುಮಾರು ಶೇ. 62ರಷ್ಟು, ವರ್ಧಕವನ್ನೂ ಪಡೆದವರಿಗೆ ಸುಮಾರು ಶೇ. 83ರಷ್ಟು ರಕ್ಷಣೆ ದೊರೆತುದು ಕಂಡುಬಂದಿತು. ಲಸಿಕೆ ಪಡೆದವರಿಗೂ ರೋಗ ಬಂದ ಉದಾಹರಣೆಗಳಿಂದ ಜನರಲ್ಲಿ ಅಪನಂಬಿಕೆ ಬೆಳೆಯಿತು. 2022ರಲ್ಲಿ ಈ ಲಸಿಕೆಯ ಬಳಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಲಸಿಕೆ ತಯಾರಿಕಾ ಸಂಸ್ಥೆಯೊಡನೆ ಸೇರಿ ಹೊಸ ಲಸಿಕೆಯನ್ನು ಅಭಿವೃದ್ಧಿಪಡಿಸುವ ಕಾರ್ಯವನ್ನು ಕೈಗೊಂಡಿದೆ.

ಹಿಂದೆ ಎಂದೋ ಲಸಿಕೆ ಹಾಕಿಸಿಕೊಂಡವರು ಅದರ ಬಲದ ಮೇಲೆ ತೈಲವಿಲ್ಲದೆ ಕಾಡಿಗೆ ಹೋಗುವುದು ಈಗ ಕಂಡುಬರುತ್ತಿರುವ ಅಪಾಯ. ಆ ರಕ್ಷಣೆ ವರ್ಷಗಳು ಕಳೆದಂತೆ ಕುಂದುವಂಥದ್ದು. ಅದಕ್ಕಾಗಿಯೇ ಪ್ರತಿ ವರ್ಷದ ಡೋಸ್ ಇತ್ತು. ಹೊಸ ಲಸಿಕೆ ಬರುವವರೆಗೆ ಇವರೂ ಲಸಿಕೆ ಪಡೆಯದವರಂತೆಯೇ ಎಚ್ಚರ ವಹಿಸಬೇಕೆಂಬುದನ್ನು ವಾರ್ಡ್ ಸಭೆಗಳಲ್ಲಿ ಸ್ಪಷ್ಟವಾಗಿ ಹೇಳಬೇಕು.

ಸಾಂಕ್ರಾಮಿಕ ರೋಗಗಳ ತಡೆಯು 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯಿತಿಗೆ ವಹಿಸಿದ ಕಾರ್ಯಗಳಲ್ಲಿ ಸೇರಿದೆ. ಅಕ್ಟೋಬರ್ ತಿಂಗಳ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯರು, ವೈದ್ಯಾಧಿಕಾರಿ, ಪಶು ವೈದ್ಯಾಧಿಕಾರಿ ಹಾಗೂ ವಲಯ ಅರಣ್ಯಾಧಿಕಾರಿಯವರನ್ನು ಆಹ್ವಾನಿಸುವುದು ಸೂಕ್ತ. ಹಿಂದಿನ ಐದು ವರ್ಷಗಳಲ್ಲಿ ಮಂಗ ಸತ್ತ ಸ್ಥಳಗಳನ್ನೂ ರೋಗಿಗಳಿದ್ದ ಮಜರೆಗಳನ್ನೂ ಗ್ರಾಮ ನಕ್ಷೆಯ ಮೇಲೆ ಗುರುತಿಸಿ ಆ ಸಭೆಯಲ್ಲಿ ಇಡಬೇಕು. ತೈಲದ ಬಾಟಲಿಗಳು ಎಷ್ಟು ಬೇಕು, ಯಾವ ಬೆಟ್ಟದ ದನಗಳಿಗೆ ಮೊದಲು ಔಷಧ ಕೊಡಬೇಕು, ಯಾವ ಶಾಲೆಯ ಹಿಂಭಾಗದ ತರಗೆಲೆಯನ್ನು ತೆಗೆಸಬೇಕು ಎಂಬುದು ಆ ನಕ್ಷೆಯಿಂದಲೇ ತೀರ್ಮಾನವಾಗುತ್ತದೆ.